ಮಂಗಳವಾರದ ಜಡ್ಡು

ಸಂಜೆ ಮೈಮೇಲೆ ದೇವಿ ಬರುವ ಮೊದಲೇ ತಾಯಿಯನ್ನು ಮಾನಸಿಕ ರೋಗದ ಡಾಕ್ಟರ ಮುಂದೆ ಕೂರಿಸಬೇಕೆಂದು ರೋಹಿಣಿ ಆ ಮಂಗಳವಾರ ಬೆಳಗಿನ ಬಸ್ಸಿಗೇ ಹೊರಡಿಸಿದಳು. ಪಟ್ಟದಕಲ್ಲಿನಿಂದ ಬಾದಾಮಿ, ಅಲ್ಲಿಂದ ಬಾಗಲಕೋಟೆ. ತಾಯಿ ಲಗಮವ್ವ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಶೇಂಗಾ ತಿಂದಳು. ರೋಗದ ಲಕ್ಷಣ ಒಂದೂ ಕಾಣಲಿಲ್ಲ. ಕಾಣದಿರುವುದೇ ಈ ರೋಗದ ಲಕ್ಷಣವೆಂದು ರೋಹಿಣಿಗೆ ಗೊತ್ತಿತ್ತು.

ಅವಳು ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಬಿ.ಎ. ಎರಡನೆಯ ವರ್ಷ, ಮನಃಶಾಸ್ತ್ರ. ಮಾನಸಿಕ ರೋಗಗಳನ್ನು ಗುರುತಿಸಿ ವಿಂಗಡಿಸುವುದು ಹೇಗೆಂಬ ಪಾಠ ಆದಮೇಲೆ ಅವಳ ಕಣ್ಣಿಗೆ ಆರೋಗ್ಯವಂತರು ಬೀಳುವುದೇ ಕಡಿಮೆಯಾಗಿತ್ತು. ಹಾಸ್ಟೆಲಿನ ವಾರ್ಡನ್ನಿಗೆ ಗೀಳು. ಚಿಲ್ಲರೆ ಕೇಳಿದರೆ ಹರಿಹಾಯುವ ಕಂಡಕ್ಟರಿಗೆ ಆತಂಕ. ಪಕ್ಕದ ಮಂಚದ ಗೆಳತಿಗೆ ಖಿನ್ನತೆ, ಅದೂ ಪರೀಕ್ಷೆ ಬಂದಾಗ ಮಾತ್ರ. ಎಲ್ಲರಿಗೂ ಹೆಸರು ಕೊಟ್ಟಾಗಿತ್ತು, ಮನೆಯವರದು ಬಾಕಿಯಿತ್ತು.

ಮನೆಯಲ್ಲಿ ಪ್ರತಿ ಮಂಗಳವಾರ ದೀಪ ಹಚ್ಚುವ ಹೊತ್ತಿಗೆ ಲಗಮವ್ವನ ಮೈಮೇಲೆ ದೇವಿ ಬರುತ್ತಿದ್ದಳು. ಉಳಿದ ದಿನ ಗಂಡನ ಹೆಸರನ್ನು ಬಾಯಲ್ಲಿ ತಾರದ, ಅವನೆದುರು ಕೂರದ ಹೆಂಗಸು ಆಗ ಕೂದಲು ಬಿಚ್ಚಿ, “ಯಂಕ್ಯಾ, ಇಲ್ಲಿ ಬಾ” ಎನ್ನುತ್ತಿದ್ದಳು. ಪ್ರವಾಸಿಗರಿಗೆ ಚಹಾ, ಎಳನೀರು ಮಾರುವ, ಊರಲ್ಲಿ ಯಾರ ಮಾತೂ ಕೇಳದ ಯಂಕಪ್ಪ ಕೈಮುಗಿದು ಬರುತ್ತಿದ್ದ. ದೇವಿ ಹೇಳಿದ್ದಕ್ಕೇ ಅವನ ಇಸ್ಪೀಟು ನಿಂತಿತು, ಮನೆಗೆ ಪಾಯಖಾನೆ ಬಂತು. ಮಗಳು ಹಾಸ್ಟೆಲು ಸೇರಿದ್ದೂ ದೇವಿಯ ಅಪ್ಪಣೆಯಿಂದಲೇ. ಕಲಿಯುವುದು ಮುಗಿಯುವವರೆಗೆ ಅವಳ ಮದುವೆಯ ಮಾತು ಎತ್ತಕೂಡದೆಂದೂ ಅಪ್ಪಣೆಯಾಗಿತ್ತು.

ರೋಹಿಣಿ ಪುಸ್ತಕ ಹಿಡಿದು ನೋಡುತ್ತ ಹೋದಳು. ನಾಲ್ಕು ಜನರ ನಡತೆಗಿಂತ ಬೇರೆಯೇ? ಹೌದು. ಆಮೇಲೆ ನೆನಪಿರುತ್ತದೆಯೇ? ಇಲ್ಲವೆನ್ನುತ್ತಾಳೆ. ಹಿರಿಯರಲ್ಲಿ ಯಾರಿಗಾದರೂ ಇತ್ತೇ? ಅಪ್ಪನ ಅವ್ವನಿಗೂ ಹೀಗೇ ಬರುತ್ತಿತ್ತಂತೆ, ಆದ್ದರಿಂದ ಆನುವಂಶಿಕ. ಅತ್ತೆಯ ರಕ್ತ ಸೊಸೆಗೆ ಹೇಗೆ ಹರಿದೀತೆಂದು ಯೋಚಿಸಲು ಪುರುಸೊತ್ತಿರಲಿಲ್ಲ. ದಿನದ ಕೆಲಸ ಕೆಡುತ್ತದೆಯೇ? ಇಲ್ಲಿ ತುಸು ತೊಡಕಾಯಿತು. ದೇವಿ ಅಂಗಳವೆಲ್ಲ ಕುಣಿದರೂ ಒಣಹಾಕಿದ ಸಂಡಿಗೆಯನ್ನು ಒಮ್ಮೆಯೂ ತುಳಿದಿರಲಿಲ್ಲ. ಅರೆಪ್ರಜ್ಞೆಯಲ್ಲಿ ಹಾಗಾಗುವುದುಂಟು ಎಂದುಕೊಂಡಳು. ಓದಿದವರು ಇಂಥದಕ್ಕೆಲ್ಲ ನಿಲ್ಲುವುದಿಲ್ಲ.

ಹಾಗೆಂದು ಅವಳದು ಬರೀ ಜಂಬವಲ್ಲ. ಒಂದು ಮಂಗಳವಾರ ತಾಯಿ ಆ ಕಡೆಯಿಂದ ತಿರುಗಿ ಬರದೇ ಹೋದರೆ ಎಂದು ಹೆದರಿ ಹಾಸ್ಟೆಲಿನಲ್ಲಿ ಮುಸುಕು ಹಾಕಿಕೊಂಡು ಅತ್ತಿದ್ದಳು. ತಾಯಿ ಎಂದರೆ ಅವಳಿಗೆ ಅಷ್ಟು ಜೀವ.

“ನೀ ಕಲಿಯೂದು ಮುಗೀಲಿ, ಆಮ್ಯಾಲೆ ದವಾಖಾನಿ ನೋಡೂಣು,” ಎಂದಿದ್ದಳು ಲಗಮವ್ವ. “ಅಲ್ಲೀತನಕ ಅಕೀ ಬಂದು ಹೋಗ್ಲಿ ಬಿಡು. ಯಾರಿಗೇನು ತ್ರಾಸ ಐತಿ?”

“ನಿನಗ ಜಡ್ಡಾಗೇತಿ ಅನ್ನೂದ ನಿನಗ ಗೊತ್ತಾಗವಲ್ದು ಯವ್ವಾ.”

ರೋಗಿಗೆ ತನ್ನ ರೋಗದ ಅರಿವಿರುವುದಿಲ್ಲವೆಂಬುದೂ ಪುಸ್ತಕದಲ್ಲಿತ್ತು. ಲಗಮವ್ವ ಮಗಳ ಕಣ್ಣಲ್ಲಿ ನೀರು ನೋಡಿದಳು. ಸೀರೆ ಬದಲಿಸಿ ಹೊರಟಳು.

ಡಾಕ್ಟರು ರೋಹಿಣಿಯನ್ನು ಹೊರಗೆ ಕೂರಿಸಿ ತಾಯಿಯೊಡನೆ ಬಹಳ ಹೊತ್ತು ಮಾತಾಡಿದರು. ಆಮೇಲೆ ಕರೆದು, “ಗುಳಿಗಿ ಏನೂ ಬ್ಯಾಡವಾ. ಇನ್ನ ಮ್ಯಾಲೆ ದೇವಿ ಬರಂಗಿಲ್ಲ ಅಂತ ನಿಮ್ಮವ್ವ ಒಪ್ಕೊಂಡಾರ,” ಎಂದರು. ಮಾತಿನಿಂದಲೇ ಗುಣಪಡಿಸುವ ವಿಧಾನ ಮುಂದಿನ ಅಧ್ಯಾಯದಲ್ಲಿತ್ತು. ಇಷ್ಟು ಬೇಗ ಫಲ ಕೊಡುತ್ತದೆಂದು ಮಾತ್ರ ಅದರಲ್ಲಿ ಬರೆದಿರಲಿಲ್ಲ.

ಆ ಸಂಜೆ ದೇವಿ ಬರಲಿಲ್ಲ. ಮುಂದಿನ ಮಂಗಳವಾರವೂ ಬರಲಿಲ್ಲ. ರಜೆಗೆ ಬಂದ ರೋಹಿಣಿ ಓಣಿಯ ಮನೆಮನೆಗೂ ಹೋಗಿ, ಅದು ದೇವಿಯಲ್ಲ, ಒಂದು ಕಾಯಿಲೆ, ಈಗ ಗುಣವಾಗಿದೆ ಎಂದು ತಿಳಿಸಿ ಹೇಳಿದಳು. ಕೆಲವರು ನಂಬಿದರು, ಕೆಲವರು ಮೂಗು ಮುರಿದರು. ಎಲ್ಲರಿಗಿಂತ ಚೆನ್ನಾಗಿ ನಂಬಿದವನು ಯಂಕಪ್ಪ.

“ಬರೂ ಮಂಗಳವಾರ ಸಂಜೀಕ ಅಮೀನಗಡದ ಕರದಂಟಿನ ಅಂಗಡಿಯವರು ನಿನ್ನ ನೋಡಾಕ ಬರ್ತಾರ,” ಎಂದ. “ಅವರು ಹೂಂ ಅಂದ್ರ ಕಾಲೇಜ ಸಾಕು. ಓದಿದಾಕೀ ಬ್ಯಾಡಂತ ಅವರಿಗೆ.”

“ದೇವಿ ಬ್ಯಾಡ ಅಂದಿದ್ಳಲ್ಲಪ್ಪಾ.”

“ಎಲ್ಲೀ ದೇವಿ? ಅದು ಜಡ್ಡು ಅಂತ ನೀನ ಹೇಳೀದಿ. ಜಡ್ಡಿನ ಮಾತು ಯಾರು ಕೇಳ್ತಾರ?”

ಇದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ರೋಹಿಣಿ ಅತ್ತಳು, ಊಟ ಬಿಟ್ಟಳು, ಕಾಲಿಗೆ ಬಿದ್ದಳು. ಯಂಕಪ್ಪ ಹೊಸ ಧೋತರ ತಂದ.

ಮಂಗಳವಾರ ಸಂಜೆ ಅಮೀನಗಡದವರು ಪಡಸಾಲೆಯಲ್ಲಿ ಕುಳಿತರು. ಅವಲಕ್ಕಿ ಹೋಯಿತು, ಚಹಾ ಹೋಯಿತು. ಹುಡುಗನ ಅಪ್ಪ ಹುಡುಗಿಯನ್ನು ನೋಡುವ ಮೊದಲೇ ತಮಗೆ ಒಪ್ಪಿಗೆಯೆಂದೂ, ಈ ತಿಂಗಳಲ್ಲೇ ಕಾರ್ಯ ಮುಗಿಸೋಣವೆಂದೂ ಹೇಳುತ್ತಿದ್ದದ್ದು ಅಡುಗೆಮನೆಗೆ ಕೇಳುತ್ತಿತ್ತು. ರೋಹಿಣಿ ತಾಯಿಯ ಸೆರಗು ಹಿಡಿದುಕೊಂಡಳು.

“ನಂದ ತಪ್ಪಾತು ಯವ್ವಾ. ಇವತ್ತೊಂದಿನ ಅಕೀನ್ನ ಕರಿ.”

“ನಾ ಆರಾಮ ಆಗೇನಿ ಅಂತ ಓಣಿಗೆಲ್ಲಾ ಹೇಳಿ ಬಂದೀದಿ. ಇನ್ನ ನನ್ನ ಯಾರೂ ನಂಬಂಗಿಲ್ಲ,” ಎಂದು ಲಗಮವ್ವ ಒಲೆ ಆರಿಸಿದಳು. ಸೆರಗಿನಿಂದ ಮಗಳ ಮೂಗು ಒರೆಸಿದಳು. ಆಮೇಲೆ ಅವಳ ಬೆನ್ನ ಹಿಂದೆ ನಿಂತು, ಮುಡಿಸಿದ್ದ ಹೂವು ತೆಗೆದು ಪಕ್ಕಕ್ಕಿಟ್ಟು, ಆಗಷ್ಟೇ ಹೆಣೆದಿದ್ದ ಜಡೆಯನ್ನು ಮೆಲ್ಲಗೆ ಬಿಚ್ಚತೊಡಗಿದಳು.

“ಕಣ್ಣು ಪೂರಾ ಮುಚ್ಚಬ್ಯಾಡ,” ಎಂದಳು ಕಿವಿಯಲ್ಲಿ, “ಹೊಸ್ತಲಾ ಎಡವ್ತಿ.”