ಇನ್ನೊಂದು ಕೋಶ

"ಇಪ್ಪತ್ತೆಂಟು!" ಸೂಕ್ಷ್ಮದರ್ಶಕದಿಂದ ತಲೆಯೆತ್ತಿದ ಹಿರಿಯ ಸಸ್ಯವಿಜ್ಞಾನಿ ಮಾಮ್‌ಬೇಲೆ ತಮ್ಮ ಶಿಷ್ಯೆ ಝೋಲೆಕಾಳ ಬೆನ್ನಿಗೊಂದು ಗುದ್ದು ಕೊಟ್ಟರು. "ಈ ಗಿಡದ ನೆಂಟರಿಗೆಲ್ಲ ವರ್ಣತಂತು ಹದಿನಾಲ್ಕೇ. ಎಂಟು ಉದ್ದ, ಆರು ಗಿಡ್ಡ. ಇದು ಬೇರೆ ಜಾತೀನೇ ಕಣೇ ಹುಡುಗಿ! ಕಲ್ಲು ಒಡೆಯೋರು ಇನ್ನು ಆ ಗುಡ್ಡಕ್ಕೆ ಕಾಲಿಡ್ಲಿ, ನೋಡ್ತೀನಿ."

ಝೋಲೆಕಾ ನಗಲು ನೋಡಿದಳು, ಆಗಲಿಲ್ಲ. ಕರೂ ಎಂಬ ಒಣಸೀಮೆಯ ಗುಡ್ಡದ ಆ ದಪ್ಪೆಲೆಯ ಗಿಡದ ಬೇರುತುದಿಯನ್ನು ಔಷಧದಲ್ಲಿ ನೆನೆಹಾಕಿದ್ದು ಅವಳೇ. ಕೋಶ ಎರಡಾಗುವುದನ್ನು ತಡೆದು, ವರ್ಣತಂತುಗಳನ್ನು ಎಣಿಕೆಗೆ ಸಿಗುವಂತೆ ಮಾಡುವ ಔಷಧ. ಸಂಜೆಯೇ ತೆಗೆಯಬೇಕಿತ್ತು. ಚರ್ಚಿನಲ್ಲಿ ಹಾಡಿನ ತಾಲೀಮು ಎಂದು ಓಡಿದವಳಿಗೆ ಅದು ನೆನಪಾದದ್ದು ಬೆಳಿಗ್ಗೆ. ಹೊತ್ತು ಮೀರಿ ನೆನೆದರೆ ಆ ಔಷಧವೇ ಕೆಲವು ಕೋಶಗಳಲ್ಲಿ ವರ್ಣತಂತುಗಳ ಲೆಕ್ಕವನ್ನು ಎರಡರಷ್ಟು ಮಾಡಿಬಿಡುತ್ತದೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಇನ್ನೊಂದು ಕೋಶ ನೋಡ್ತೀನಿ, ಅಮ್ಮಾ."

"ಯಾಕೆ, ನನ್ನ ಕಣ್ಣಿಗಿಂತ ನಿನ್ನ ಕಣ್ಣು ಚುರುಕೇನೇ? ನೋಡು, ನೋಡು." ಮಾಮ್‌ಬೇಲೆ ನಗುತ್ತ ಗುಡ್ಡದೂರಿನ ಮುಖಂಡನಿಗೆ ಫೋನ್ ಹಚ್ಚಿದರು. ಹೊಸ ಜಾತಿಯ ಗಿಡ ಸಿಕ್ಕರೆ ಕಲ್ಲುಗಣಿಗೆ ತಡೆ ಬೀಳುತ್ತದೆಂದು ಆ ಊರಿನವರು ನಾಳೆಯ ವಿಚಾರಣೆಗೆ ಈ ಒಂದು ಮಾತನ್ನೇ ನೆಚ್ಚಿ ಕೂತಿದ್ದರು.

ಝೋಲೆಕಾ ಗಾಜುಪಟ್ಟಿ ಸರಿಸುವ ತಿರುಪನ್ನು ಹಿಡಿದಳು. ಮೆಲ್ಲಗೆ ತಿರುಗಿಸಿದಳು. ಪಕ್ಕದ ಕೋಶ ಬೆಳಕಿಗೆ ಬಂತು. ಉದ್ದನೆಯವು ಎಂಟು. ಗಿಡ್ಡನೆಯವನ್ನು ಒಂದೊಂದಾಗಿ ಎಣಿಸಿದಳು. ಆರು. ಒಟ್ಟು ಹದಿನಾಲ್ಕೇ, ನೆಂಟರಿಗೆ ಇದ್ದಷ್ಟೇ. ಅದರಾಚೆಯ ಕೋಶದಲ್ಲೂ ಅಷ್ಟೇ. ಬೆನ್ನ ಹಿಂದೆ ಫೋನಿನಲ್ಲಿ ಯಾರೋ ಆಸೆಯಿಂದ "ಹಲೋ?" ಎಂದರು. ಝೋಲೆಕಾ ಎದ್ದು, ಅಂಗೈಯಿಂದ ಆ ಫೋನನ್ನು ಮುಚ್ಚಿಹಿಡಿದಳು.

"ಹೇಳ್ಬೇಡಿ, ಅಮ್ಮಾ. ಮೊದಲು ನಾನು ಮಾಡಿದ್ದನ್ನ ಕೇಳಿ."