ಉಪ್ಪಿನಕಾಯಿಯ ಐದನೆಯ ಸಾಮಾನು

ತೀರಿಹೋದ ಅಮ್ಮನ ಉಪ್ಪಿನಕಾಯಿಯ ವಿಧಾನ, ಎಲ್ಲರ ಮನೆಯಲ್ಲೂ ಇರುವ ಹಾಗೆ, ಡಿಎನ್‌ಎಯ ಅಕ್ಷರಗಳಲ್ಲಿ ಬರೆದು ಸೀಸೆಯಲ್ಲಿ ಭದ್ರವಾಗಿತ್ತು. ಮಗಳಿಗೊಂದು ಪ್ರತಿ ತೆಗೆಸಲು ವಾರಿಜ ಪೇಟೆಯ ಮೋನಪ್ಪಣ್ಣನ ಅಂಗಡಿಗೆ ಬಂದಳು. ಪ್ರತಿ ತೆಗೆಯುವ ಕೆಲಸ ಐದನೆಯ ಸಾಮಾನಿನ ಹತ್ತಿರ ನಿಂತೇಬಿಟ್ಟಿತು.

"ಅಕ್ಷರ ಕೆಟ್ಟಿದೆ ಮಾರಾಯ್ತಿ. ಪ್ರತಿ ತೆಗೆಯುದು ಬಿಸಿನೀರ ಬುಗ್ಗೆಯ ಆರ್ಕಿಯಾ ಅನ್ನುವ ಸೂಕ್ಷ್ಮಜೀವಿಯ ಕಿಣ್ವ. ಕೆಟ್ಟದ್ದು ನಾಲ್ಕು ಅಕ್ಷರ ಮುಂದಿರುವಾಗಲೇ ನಿಲ್ತದೆ."

"ಅಂದಾಜಿಗೆ ಏನಾದ್ರೂ ಬರಿಯಲಿ, ಅಣ್ಣ."

"ಅದು ಬರಿಯುದಿಲ್ಲ. ಗೊತ್ತಿದ್ದವರ ಹತ್ರ ಕೇಳು."

ಗೊತ್ತಿರಬಹುದಾದವಳು ಯಮುನಕ್ಕ ಒಬ್ಬಳೇ. ಅಮ್ಮನ ಬಳೆಗಾಗಿ ಜಗಳವಾದ ಮೇಲೆ ಅಕ್ಕತಂಗಿಯರಿಗೆ ಒಂಬತ್ತು ವರ್ಷದಿಂದ ಮಾತಿಲ್ಲ. ವಾರಿಜ ಫೋನ್ ಮಾಡಿದಳು.

"ಅಕ್ಕಾ, ಸಾಸಿವೆ ಆದ ಮೇಲೆ ಅಮ್ಮ ಹಾಕ್ತಿದ್ದದ್ದು ಏನು?"



"ನನ್ನ ಪ್ರತಿಯೂ ಅಲ್ಲೇ ನಿಂತಿದೆ ವಾರೀ. ನಿನ್ನ ಹತ್ರ ಕೇಳುವ ಅಂತಲೇ ಇಷ್ಟು ವರ್ಷ ಇದ್ದೆ."