ಇನ್ನು ಹತ್ತು ನಿಮಿಷದ ಗುಟ್ಟು

"ಉಸಿರಾಟದ ಯಂತ್ರದ ಆಸರೆ ನಿಲ್ಲಿಸಿ ಆಗಲೇ ಇಪ್ಪತ್ತು ನಿಮಿಷ ಆಯ್ತಮ್ಮ. ಈಗ ಉಸಿರಾಡ್ತಿರೋದು ಅವರೇ," ಎಂದು ಐಸಿಯುವಿನ ನರ್ಸ್ ಕಿವಿಯಲ್ಲಿ ಪಿಸುಗುಟ್ಟಿದಾಗ ರೋಗಿಯ ಹೆಂಡತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅವರಿಗೆ ಮಾತ್ರ ಗೊತ್ತಾಗಬಾರದು. ಇನ್ನು ಹತ್ತೇ ನಿಮಿಷ ಹೀಗೇ ಉಸಿರಾಡಿದ್ರೆ ಕೊಳವೆ ತೆಗೀತಾರೆ," ಎಂದಳು ನರ್ಸ್.

ಹಿಂದೆ ಎರಡು ಸಲ ಅವನಿಗೆ ಹೇಳಿಯೇ ಯಂತ್ರ ನಿಲ್ಲಿಸಿದ್ದರು. ಹೇಳಿದ್ದೇ ತಡ, ಮೂವತ್ತು ವರ್ಷ ಲಾರಿಯ ಹೊಗೆಯನ್ನೂ ಸಿಗರೇಟಿನ ಹೊಗೆಯನ್ನೂ ಕುಡಿದು ಜರ್ಜರಿತವಾಗಿದ್ದ ಡ್ರೈವರ್ ಗಂಡನ ಶ್ವಾಸಕೋಶ ಗಾಬರಿಗೆ ಬಿದ್ದು, ಮತ್ತೆ ಯಂತ್ರಕ್ಕೇ ಒಪ್ಪಿಸಬೇಕಾಗಿತ್ತು. ಅದಕ್ಕೇ ಈ ಸಲ ಹೇಳಿರಲಿಲ್ಲ; ಗಂಟಲಿನ ಕೊಳವೆ, ಯಂತ್ರದ ದೀಪ ಎಲ್ಲವೂ ಇದ್ದ ಹಾಗೇ ಇದ್ದವು.

ಆದರೆ ಗಂಡ ಯಂತ್ರವನ್ನೆಲ್ಲಿ ನೋಡುತ್ತಿದ್ದ? ಅವಳ ಮುಖ ನೋಡುತ್ತಿದ್ದ. ಮದುವೆಯಾದಾಗಿನಿಂದ ಆ ಮುಖ ಅವನಿಂದ ಒಂದು ಗುಟ್ಟನ್ನೂ ಬಚ್ಚಿಟ್ಟಿದ್ದಿಲ್ಲ. ಏನು ಎಂಬಂತೆ ಅವನ ಹುಬ್ಬು ಮೇಲೇರಿತು. ಕಣ್ಣು ಕೊಳವೆಯತ್ತ ಹೊರಳಿತು. ಉಸಿರು ಜೋರಾಯಿತು. ನರ್ಸಿನ ಕೈ ಯಂತ್ರದ ಗುಂಡಿಯತ್ತ ಸರಿಯಿತು. ಹೆಂಡತಿ ಏನೂ ತೋಚದೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು: "ಬೀರುವಿನ ಕೀಲಿ ಎಲ್ಲಿಟ್ಟಿದ್ದೀರಿ? ಹದಿನೆಂಟು ದಿನದಿಂದ ಮನೆಯೆಲ್ಲ ಜಾಲಾಡ್ತಿದ್ದೀನಿ! ಒಂದು ವಸ್ತುನಾದ್ರೂ ಅದರ ಜಾಗದಲ್ಲಿ ಇಟ್ಟಿದ್ದುಂಟಾ ನೀವು?"

ಗಂಡ ತಬ್ಬಿಬ್ಬಾದ. ಕೀಲಿ ಅವಳ ಕೈಚೀಲದ ಜಿಪ್ಪಿಗೇ ನೇತಾಡುತ್ತಿತ್ತು. ಬೆರಳೆತ್ತಿ ಅದನ್ನು ತೋರಿಸಿದ. ಅವಳು ನೋಡಿಯೂ ನೋಡದವಳಂತೆ ಬೈಯುತ್ತಲೇ ಇದ್ದಳು. ಕೊನೆಗೆ ಅವನು, ಗಂಟಲಲ್ಲಿ ಕೊಳವೆ ಇರುವುದನ್ನೂ ಮರೆತು, ಪ್ರತಿ ಜಗಳಕ್ಕೂ ಮೊದಲು ಎಳೆದುಕೊಳ್ಳುತ್ತಿದ್ದ ಆ ಉಸಿರನ್ನು ಎದೆ ತುಂಬ ಎಳೆದುಕೊಂಡ.